ಪ್ರೌಢಶಾಲೆಗೆ ಬರುವ ಮಕ್ಕಳ ಸುರಕ್ಷತೆ ತರಬೇತಿಗಳು: ಯಾವುದನ್ನು ಕರೆಸಬಹುದು, ಯಾವುದು ಸಾಲದು

ಕರ್ನಾಟಕದ ಪ್ರೌಢಶಾಲೆಗಳಿಗೆ ಮಕ್ಕಳ ಮೇಲಿನ ದೌರ್ಜನ್ಯ ತಡೆಯುವ ತರಬೇತಿ ಮುಖ್ಯವಾಗಿ ನಾಲ್ಕು ಬಗೆಯಲ್ಲಿ ಸಿಗುತ್ತದೆ. ಪೊಲೀಸ್ ಅಧಿಕಾರಿಯೋ ವಕೀಲರೋ ಬಂದು ಮಾಡುವ ಒಂದು ಗಂಟೆಯ ಉಪನ್ಯಾಸ, ಸ್ಮಾರ್ಟ್ ಕ್ಲಾಸಿನಲ್ಲಿ ತೋರಿಸುವ ವಿಡಿಯೊ, ಸ್ವಯಂಸೇವಾ ಸಂಸ್ಥೆಗಳ ಅರ್ಧ ದಿನದ ಕಾರ್ಯಾಗಾರ, ಮತ್ತು ಕೆಲವು ವಾರಗಳ ಮೇಲೆ ಹರಡಿದ ನಾಲ್ಕೈದು ಪೀರಿಯಡ್‌ಗಳ ಪಾಠ. 2022ರ ನವೆಂಬರಿನಲ್ಲಿ ಹೈಕೋರ್ಟಿನ ಧಾರವಾಡ ಪೀಠ 9ನೇ ತರಗತಿಯಿಂದಲಾದರೂ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆಯ ಬಗ್ಗೆ ಮಕ್ಕಳಿಗೆ ತಿಳಿಸಬೇಕೆಂದು ಶಿಕ್ಷಣ ಇಲಾಖೆಗೆ ಹೇಳಿತು. ಅದಕ್ಕೂ ಮೊದಲೇ, 2020ರ ಪೋಕ್ಸೊ ನಿಯಮಗಳು ವಯಸ್ಸಿಗೆ ತಕ್ಕ ಪಠ್ಯಸಾಮಗ್ರಿ ತಯಾರಿಸಲು ಸರ್ಕಾರಗಳಿಗೆ ಸೂಚಿಸಿದ್ದವು. ಹಾಗಾಗಿ ಮುಖ್ಯ ಶಿಕ್ಷಕರ ಮೇಜಿನ ಮೇಲೆ 'ನಿಮ್ಮ ಶಾಲೆಯಲ್ಲೂ ಕಾರ್ಯಕ್ರಮ ಮಾಡುತ್ತೇವೆ' ಎನ್ನುವ ಪತ್ರಗಳಿಗೆ ಬರವಿಲ್ಲ. ಅವುಗಳಲ್ಲಿ ಯಾವುದಕ್ಕೆ ಒಪ್ಪಬೇಕು ಎಂದು ಯೋಚಿಸುವ ಮುಖ್ಯ ಶಿಕ್ಷಕರಿಗೆ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಿಗೆ, ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳಿಗೆ ಈ ವಿಮರ್ಶೆ.

ನಾವು ಅಳೆಯುವುದು ಒಂದೇ ಪ್ರಶ್ನೆಯಿಂದ. ತರಬೇತಿ ಮುಗಿದ ಮೇಲೊಂದು ದಿನ ಮಧ್ಯಾಹ್ನದ ಊಟದ ಬಿಡುವಿನಲ್ಲಿ 9ನೇ ತರಗತಿಯ ಹುಡುಗಿಗೆ ಅವಳ ಗೆಳತಿ, 'ನಮ್ಮ ಮಾವ ಹೀಗೆ ಮಾಡ್ತಾರೆ ಕಣೇ' ಎಂದರೆ, ಮುಂದಿನ ಹತ್ತು ನಿಮಿಷದಲ್ಲಿ ಏನು ಮಾಡಬೇಕೆಂದು ಅವಳಿಗೆ ಗೊತ್ತಿರುತ್ತದೆಯೇ? ಅವಳು ಯಾರ ಬಳಿ ಹೋಗುತ್ತಾಳೋ ಆ ಶಿಕ್ಷಕಿಗೆ ಗೊತ್ತಿರುತ್ತದೆಯೇ? ಹದಿಹರೆಯದ ಮಕ್ಕಳು ಇಂಥದ್ದನ್ನು ಹೇಳಿಕೊಂಡರೆ, ಸಾಮಾನ್ಯವಾಗಿ ಮೊದಲು ಹೇಳುವುದು ಓರಗೆಯವರಿಗೆ. ಕೆಳ ಪ್ರಾಥಮಿಕದ ಮಗುವಿಗೆ 'ಬೇಡ ಅನ್ನು, ಓಡು, ದೊಡ್ಡವರಿಗೆ ಹೇಳು' ಎಂದು ಕಲಿಸಿದರೆ ಒಂದು ಮಟ್ಟಿಗೆ ಸಾಕಾದೀತು. ಪ್ರೌಢಶಾಲೆಯಲ್ಲಿ ಪಾಠದ ನಡುಮನೆ ಗೆಳೆತನವೇ ಆಗಿರಬೇಕು. ನಮಗೆ ಸಿಕ್ಕುವ ಬಹುಪಾಲು ತರಬೇತಿಗಳು ಸೋಲುವುದು ಇಲ್ಲೇ.

ಮೊದಲು ಉಪನ್ಯಾಸ. ಮುನ್ನೂರು ಮಕ್ಕಳನ್ನು ಅಂಗಳದಲ್ಲಿ ಕೂರಿಸಿ, ಮೈಕಿನಲ್ಲಿ ಕಲಂಗಳನ್ನು ಓದಿ, ಕೊನೆಗೆ ಎಲ್ಲರಿಂದ ಮಕ್ಕಳ ಸಹಾಯವಾಣಿಯ ಸಂಖ್ಯೆ 1098 ಅನ್ನು 'ಹತ್ತು ಒಂಬತ್ತು ಎಂಟು' ಎಂದು ಕೂಗಿಸಿ ಮುಗಿಸುವ ಕಾರ್ಯಕ್ರಮ. ಸಮವಸ್ತ್ರದಲ್ಲಿರುವವರನ್ನು ಹತ್ತಿರದಿಂದ ನೋಡಿ ಮಕ್ಕಳ ಅಂಜಿಕೆ ಕಡಿಮೆಯಾಗುವುದು ಒಂದು ಲಾಭ. ಆ ಲಾಭವೇ ಬೇಕೆಂದರೆ ಪೊಲೀಸ್ ಇಲಾಖೆಯ 'ತೆರೆದ ಮನೆ' ಕಾರ್ಯಕ್ರಮದಲ್ಲಿ ಮಕ್ಕಳನ್ನೇ ಠಾಣೆಗೆ ಕರೆದುಕೊಂಡು ಹೋಗುವುದು ಇನ್ನೂ ಮೇಲು. ಉಪನ್ಯಾಸದಲ್ಲಿ ಹೆಚ್ಚಾಗಿ ಎರಡು ತಪ್ಪು ನಡೆಯುತ್ತವೆ. ಒಂದು, ಅಪರಿಚಿತರ ಭಯ. ಚಾಕೊಲೇಟ್ ಕೊಡುವ, ವ್ಯಾನಿನಲ್ಲಿ ಎತ್ತಿಕೊಂಡು ಹೋಗುವ ಆಗಂತುಕನ ಚಿತ್ರವೇ ಮಕ್ಕಳ ತಲೆಯಲ್ಲಿ ಉಳಿಯುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾರ್ಷಿಕ ವರದಿಗಳನ್ನು ನೋಡಿ: ಲೈಂಗಿಕ ದಾಳಿಯ ಪೋಕ್ಸೊ ಪ್ರಕರಣಗಳಲ್ಲಿ 90%ಗಿಂತ ಹೆಚ್ಚು ಆರೋಪಿಗಳು ಮಗುವಿಗೆ ಪರಿಚಿತರೇ. ಮನೆಯವರು, ನೆರೆಯವರು, ನೆಂಟರು, ಟ್ಯೂಷನ್ನಿನವರು, ಗೆಳೆಯರು.

ಎರಡನೆಯ ತಪ್ಪು ಇನ್ನೂ ಅಪಾಯದ್ದು. 'ಗೊತ್ತಿದ್ದೂ ಹೇಳದಿದ್ದರೆ ನಿಮಗೂ ಜೈಲು' ಎಂದು ಮಕ್ಕಳನ್ನು ಹೆದರಿಸುವುದು. ಪೋಕ್ಸೊ ಕಾಯ್ದೆಯ ಕಲಂ 19 ಎಲ್ಲರೂ ತಿಳಿಸಬೇಕು ಎನ್ನುತ್ತದೆ, ನಿಜ. ತಿಳಿಸದವರಿಗೆ ಕಲಂ 21ರಲ್ಲಿ ಆರು ತಿಂಗಳವರೆಗೆ ಸೆರೆ, ದಂಡ ಅಥವಾ ಎರಡೂ ಇದೆ. ತನ್ನ ಕೈಕೆಳಗಿನವರ ಕೃತ್ಯವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಆದರೆ ಅದೇ ಕಲಂನ ಮೂರನೆಯ ಭಾಗ, ಈ ಶಿಕ್ಷೆ ಮಕ್ಕಳಿಗೆ ಅನ್ವಯಿಸುವುದಿಲ್ಲ ಎಂದು ಬಿಡಿಸಿ ಹೇಳಿದೆ. ಹದಿನಾಲ್ಕರ ಮಗುವಿಗೆ ಜೈಲಿನ ಮಾತು ಹೇಳಿದರೆ ಅದು ಕೇಳಿಸಿಕೊಂಡದ್ದನ್ನೂ ಕೇಳಿಸಿಕೊಳ್ಳದಂತೆ ಇರುತ್ತದೆ. ಉಪನ್ಯಾಸಕ್ಕೆ ನಮ್ಮ ಅಂಕ 5ಕ್ಕೆ 1.

ವಿಡಿಯೊಗಳಿಗೆ 5ಕ್ಕೆ 2. ಅವುಗಳಲ್ಲಿ ಹೆಚ್ಚಿನವು ಚಿಕ್ಕ ಮಕ್ಕಳಿಗಾಗಿ ಮಾಡಿದ ಕಾರ್ಟೂನುಗಳು. 10ನೇ ತರಗತಿಯ ಮಕ್ಕಳ ಮುಂದೆ ಹಾಕಿದರೆ ಹಿಂದಿನ ಬೆಂಚಿನಲ್ಲಿ ನಗು ಏಳುತ್ತದೆ, ಆ ನಗು ಯಾರದೋ ಬಾಯಿ ಮುಚ್ಚಿಸುತ್ತದೆ. ಸಾಕಷ್ಟು ವಿಡಿಯೊಗಳು ಮುಟ್ಟುವಿಕೆಯ ಸುತ್ತಲೇ ಸುತ್ತುತ್ತವೆ. ಈ ವಯಸ್ಸಿನಲ್ಲಿ ಅಪಾಯ ಶುರುವಾಗುವುದು ಮುಟ್ಟುವುದಕ್ಕಿಂತ ಎಷ್ಟೋ ಮುಂಚೆ: ಕೇಳದಿದ್ದರೂ ಮೊಬೈಲ್ ರೀಚಾರ್ಜ್, ಬೈಕಿನಲ್ಲಿ ಡ್ರಾಪ್, 'ನಿನ್ನನ್ನು ಮನೆಯಲ್ಲಿ ಯಾರೂ ಅರ್ಥ ಮಾಡಿಕೊಳ್ಳಲ್ಲ' ಎನ್ನುವ ಮೆಸೇಜು, ಆಮೇಲೆ 'ಇದು ನಮ್ಮಿಬ್ಬರ ನಡುವೆ ಇರಲಿ'. ಉಡುಗೊರೆ, ಒಂಟಿಯಾಗಿಸುವುದು, ಗುಟ್ಟು, ಬೆದರಿಕೆ, ಈ ಕ್ರಮವನ್ನು ಹಂತಹಂತವಾಗಿ ತೋರಿಸುವ ವಿಡಿಯೊ ಸಿಕ್ಕರೆ ಹಾಕಿ. ಆದರೆ ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಮಾತಾಡಬಲ್ಲ ಒಬ್ಬರು ಪಕ್ಕದಲ್ಲಿರಬೇಕು.

ಅರ್ಧ ದಿನದ ಕಾರ್ಯಾಗಾರ ಕೆಟ್ಟದ್ದಲ್ಲ, 5ಕ್ಕೆ 3. ತರಬೇತಿ ಪಡೆದವರು ನಡೆಸುತ್ತಾರೆ, ಚಟುವಟಿಕೆ ಇರುತ್ತದೆ, ಮಕ್ಕಳು ಬಾಯಿ ಬಿಡುತ್ತಾರೆ. ತೊಂದರೆಯೂ ಅದೇ. ಬೆಳಿಗ್ಗೆ ಹತ್ತಕ್ಕೆ ಶುರುವಾದ ಮಾತು ಮಧ್ಯಾಹ್ನ ಒಂದಕ್ಕೆ ಯಾರೋ ಒಬ್ಬರ ಎದೆ ಬಿಚ್ಚಿಸುವ ಹೊತ್ತಿಗೆ ತಂಡ ಬ್ಯಾಗು ಕಟ್ಟಿರುತ್ತದೆ. ಅದೂ ಶನಿವಾರವಾದರೆ ಮಗು ಒಂದೂವರೆ ದಿನ ಅದೇ ಮನೆಯಲ್ಲಿ ಇರಬೇಕು. ಇದನ್ನೇ ಕರೆಸುವುದಾದರೆ ಸೋಮವಾರ ಅಥವಾ ಮಂಗಳವಾರ ಇಟ್ಟುಕೊಳ್ಳಿ, ರಜೆಯ ಹಿಂದಿನ ವಾರ ಎಂದೂ ಬೇಡ. ಅದೇ ತಂಡ ಎರಡು ವಾರದೊಳಗೆ ಮತ್ತೊಮ್ಮೆ ಬರುವುದಾಗಿ ಬರೆದುಕೊಡದಿದ್ದರೆ ಒಪ್ಪಬೇಡಿ.

ನಾವು ಶಿಫಾರಸು ಮಾಡುವುದು ನಾಲ್ಕೈದು ಪೀರಿಯಡ್‌ಗಳ ಪಾಠವನ್ನು. ವಾರಕ್ಕೊಂದು ಅವಧಿ, ತಲಾ 40ರಿಂದ 45 ನಿಮಿಷ, ಒಂದು ಸಲಕ್ಕೆ ಒಂದೇ ವಿಭಾಗದ 35-40 ಮಕ್ಕಳು, ಇಬ್ಬರು ತರಬೇತುದಾರರು. ಇಬ್ಬರು ಯಾಕೆಂದರೆ, ನಡುವೆ ಒಂದು ಮಗು ಎದ್ದು ಹೊರಗೆ ಹೋದರೆ ಒಬ್ಬರು ಹಿಂದೆಯೇ ಹೋಗಬೇಕು, ಇನ್ನೊಬ್ಬರು ಪಾಠ ನಿಲ್ಲಿಸದೆ ಮುಂದುವರಿಸಬೇಕು. ಒಬ್ಬರೇ ಇದ್ದರೆ ಇಡೀ ತರಗತಿ ತಿರುಗಿ ಬಾಗಿಲಿನತ್ತ ನೋಡುತ್ತದೆ, ಅಲ್ಲಿಗೆ ಆ ಮಗುವಿನ ಗುಟ್ಟು ರಟ್ಟಾದಂತೆ.

ಒಳ್ಳೆಯ ಪಾಠ ಮಕ್ಕಳಿಂದ ಶುರುವಾಗುವುದಿಲ್ಲ, ಶಿಕ್ಷಕರಿಂದ ಶುರುವಾಗುತ್ತದೆ. ಮಕ್ಕಳ ಮೊದಲ ಅವಧಿಗೆ ಒಂದು ವಾರ ಮುಂಚೆ ಶಿಕ್ಷಕರಿಗೆ ಎರಡು ಗಂಟೆ ಬೇಕು. ಬಿಸಿಯೂಟದ ಅಡುಗೆಯವರು, ಕಾವಲುಗಾರರು, ವ್ಯಾನ್ ಚಾಲಕರೂ ಕೂರಬೇಕು. ಅಲ್ಲಿ ಕಲಿಸಬೇಕಾದದ್ದು ಇಷ್ಟು. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆದಿಡಿ, ದಿನಾಂಕ ಮತ್ತು ಸಮಯ ಹಾಕಿ. 'ಯಾವಾಗ, ಎಷ್ಟು ಸಲ, ಆಮೇಲೆ ಏನಾಯ್ತು' ಎಂದು ಕೆದಕಬೇಡಿ. ಅದು ತನಿಖೆ ಮಾಡುವವರ ಕೆಲಸ. ಗಾಯದ ಫೋಟೊ ತೆಗೆಯಬೇಡಿ. ಆರೋಪ ಹೊತ್ತವರನ್ನು ಕರೆಸಿ ಮುಖಾಮುಖಿ ಮಾಡಿಸಬೇಡಿ. ಆರೋಪ ಮನೆಯವರ ಮೇಲಿದ್ದರೆ ಮೊದಲು ಮನೆಗೇ ಫೋನ್ ಮಾಡಬೇಡಿ. ಕಾಯ್ದೆ ಹೇಳುವುದು ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಠಾಣೆಗೆ ತಿಳಿಸಿ ಎಂದು. ಶಾಲೆಯೊಳಗೆ ಸಮಿತಿ ಮಾಡಿ ವಿಚಾರಿಸಿ ಆಮೇಲೆ ನೋಡೋಣ ಎಂಬುದಕ್ಕೆ ಅದರಲ್ಲಿ ಎಡೆಯಿಲ್ಲ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಘಟನೆ ಈಚಿನದಾದರೆ ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ, ಆಸ್ಪತ್ರೆಗೆ ತಡಮಾಡಬೇಡಿ. ಬೇಡದ ಗರ್ಭ ಮತ್ತು ಎಚ್‌ಐವಿ ತಡೆಯುವ ಔಷಧಗಳನ್ನು 72 ಗಂಟೆಯೊಳಗೆ, ಎಷ್ಟು ಬೇಗವೋ ಅಷ್ಟು ಬೇಗ ಕೊಡಬೇಕು. ತುರ್ತು ಚಿಕಿತ್ಸೆಗೆ ಮೊದಲು ಎಫ್‌ಐಆರ್ ತನ್ನಿ ಎಂದು ಯಾವ ಆಸ್ಪತ್ರೆಯೂ ಕೇಳುವಂತಿಲ್ಲ. ತಂಡವೊಂದು ಶಿಕ್ಷಕರ ಈ ಎರಡು ಗಂಟೆಯನ್ನು ಬಿಟ್ಟು ನೇರವಾಗಿ ಮಕ್ಕಳ ಬಳಿ ಹೋಗುತ್ತೇವೆ ಎಂದರೆ ಬೇಡವೆನ್ನಿ. ಮಗುವಿನ ಬಾಯಿ ತೆರೆಸಿ, ಕೇಳುವ ಕಿವಿ ಸಿದ್ಧವಿಲ್ಲದಿದ್ದರೆ, ಏನೂ ಮಾಡದೆ ಇರುವುದಕ್ಕಿಂತ ಹೆಚ್ಚು ಹಾನಿ.

ಮಕ್ಕಳ ಮೊದಲ ಅವಧಿ ಒಂದು ಒಪ್ಪಂದದಿಂದ ಶುರುವಾಗಬೇಕು. 'ಇಲ್ಲಿ ಯಾರೂ ತಮ್ಮ ಸ್ವಂತದ್ದನ್ನು ಎಲ್ಲರೆದುರು ಹೇಳಬೇಕಾಗಿಲ್ಲ. ಆಮೇಲೆ ನಮ್ಮ ಹತ್ತಿರ ಹೇಳಬಹುದು. ಆದರೆ ಯಾರಿಗಾದರೂ ಅಪಾಯ ಇದೆ ಎಂದು ಗೊತ್ತಾದರೆ ನಾವು ಗುಟ್ಟಾಗಿ ಇಟ್ಟುಕೊಳ್ಳಲು ಆಗುವುದಿಲ್ಲ, ಸಹಾಯ ಮಾಡುವವರಿಗೆ ಹೇಳಲೇಬೇಕು.' ಈ ಮೂರನೆಯ ವಾಕ್ಯವನ್ನು ನುಂಗಿಕೊಳ್ಳುವ ತರಬೇತುದಾರರು ಆಮೇಲೆ ಮಗುವಿನ ನಂಬಿಕೆ ಕಳೆದುಕೊಳ್ಳುತ್ತಾರೆ. ಆಮೇಲೆ ದೌರ್ಜನ್ಯದ ಎಲ್ಲ ಮುಖಗಳು ಬರಬೇಕು. ಲೈಂಗಿಕ ದೌರ್ಜನ್ಯವನ್ನಷ್ಟೇ ಹೇಳಿ ಹೊಡೆತ, ನಿರ್ಲಕ್ಷ್ಯ, ದುಡಿಮೆಯನ್ನು ಬಿಡುವ ಪಾಠ ಅರ್ಧ ಪಾಠ. ಶಾಲೆಯಲ್ಲಿ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ ಕಲಂ 17 ನಿಷೇಧಿಸಿದೆ. ಅದನ್ನು ಮಕ್ಕಳಿಗೆ ಹೇಳಲು ಶಾಲೆ ಹಿಂಜರಿದರೆ ಉಳಿದ ಪಾಠವನ್ನು ಮಕ್ಕಳು ನಂಬುವುದೂ ಇಲ್ಲ.

ಗುರುತಿಸುವ ಪಾಠದಲ್ಲಿ ನಿಖರತೆ ಬೇಕು. ಬಿದ್ದು ಆಗುವ ಗಾಯ ಹೆಚ್ಚಾಗಿ ಮೊಣಕಾಲು, ಮೊಣಕೈ, ಅಂಗೈ, ಮುಂಗಾಲಿನ ಮೂಳೆಯ ಮೇಲೆ. ಬೆನ್ನು, ತೊಡೆ, ತೋಳಿನ ಒಳಭಾಗ, ಕಿವಿಯ ಹತ್ತಿರದ ಬಾಸುಂಡೆ ಯೋಚಿಸಬೇಕಾದದ್ದು. ಬೆಲ್ಟು, ವೈರಿನ ಆಕಾರದ ಗುರುತು ಇನ್ನೂ ಹೆಚ್ಚು. ಓರಗೆಯವರ ಕಣ್ಣಿಗೆ ಬೀಳುವುದು ಬೇರೆ ತರಹದವು: ಬೇಸಿಗೆಯಲ್ಲೂ ತುಂಬುತೋಳು, ಒಬ್ಬ ನಿರ್ದಿಷ್ಟ ನೆಂಟರು ಬರುವ ವಾರವೇ ಗೈರು, ಟ್ಯೂಷನ್ನಿಗೆ ಹೋಗುವುದಿಲ್ಲವೆಂದು ದಿಢೀರನೆ ಹಟ, ಮನೆಗೆ ಹೋಗಲು ತಡಮಾಡುವುದು, ಎಲ್ಲಿಂದ ಬಂತೆಂದು ಹೇಳದ ಹೊಸ ಫೋನು, ತರಗತಿಯಲ್ಲಿ ನಿದ್ದೆ, ಸೋಮವಾರದ ಬಿಸಿಯೂಟದಲ್ಲಿ ಕಾಣುವ ಅತಿ ಹಸಿವು. ಇವುಗಳಲ್ಲಿ ಒಂದೊಂದೇ ಏನನ್ನೂ ಸಾಬೀತು ಮಾಡುವುದಿಲ್ಲ. ಎರಡು ಮೂರು ವಾರಗಳಲ್ಲಿ ಒಬ್ಬ ಗೆಳೆಯನ ರೀತಿಯೇ ಬದಲಾದರೆ ಪಕ್ಕದಲ್ಲಿ ಕೂತು 'ಏನೋ ಸರಿ ಇಲ್ಲ ಅನ್ನಿಸ್ತಿದೆ, ಹೇಳ್ಬೇಕು ಅನ್ನಿಸಿದ್ರೆ ನಾನಿದ್ದೀನಿ' ಎನ್ನುವಷ್ಟು ಕಾರಣ ಸಿಕ್ಕಿತು. ಈ ಪಟ್ಟಿಯನ್ನು ಕೈಗೆ ಕೊಟ್ಟು ಬಿಟ್ಟರೆ ಮಕ್ಕಳು ಒಬ್ಬರ ಮೇಲೊಬ್ಬರು ಪತ್ತೇದಾರಿ ಶುರು ಮಾಡುತ್ತಾರೆ. ಹಾಗಾಗಿ ಮುದ್ರಿಸಿ ಹಂಚುವುದಕ್ಕಿಂತ ಬಾಯಿಮಾತಿನ ಚರ್ಚೆಯೇ ಒಳ್ಳೆಯದು.

ಎರಡನೆಯ ಅವಧಿ ಇಡೀ ಗೆಳೆತನದ್ದು. ಇದನ್ನು ಯಾವ ತಂಡ ಹೇಗೆ ನಡೆಸುತ್ತದೆ ಎಂಬುದನ್ನೇ ನೋಡಿ ಅಂಕ ಕೊಡಬಹುದು. ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ, ಪ್ರತಿ ಜೋಡಿಗೆ ಒಂದು ಚೀಟಿ ಕೊಟ್ಟು, ಒಬ್ಬರು ಹೇಳುವುದು, ಇನ್ನೊಬ್ಬರು ಕೇಳಿಸಿಕೊಳ್ಳುವುದು, ಏಳು ನಿಮಿಷದ ಬಳಿಕ ಅದಲು ಬದಲು. ಚೀಟಿಯಲ್ಲಿ ಲೈಂಗಿಕ ದೌರ್ಜನ್ಯದ ಪ್ರಸಂಗ ಇರಬಾರದು. ಮನೆಯ ಹೊಡೆತವೋ, ಮದುವೆಯ ಮಾತುಕತೆಯೋ, ಫೋಟೊ ತೋರಿಸಿ ಬೆದರಿಸುವುದೋ ಇದ್ದರೆ ಸಾಕು, ಕೌಶಲ ಒಂದೇ. ತಪ್ಪು ಮಾಡುವವನ ಪಾತ್ರವನ್ನು ಯಾವ ಮಗುವೂ ಅಭಿನಯಿಸಬಾರದು. ಅದನ್ನು ಮಾಡಿಸುವ ತಂಡಗಳಿವೆ. ಆ ಹೆಸರು ಹುಡುಗನ ಬೆನ್ನಿಗೆ ವರ್ಷವಿಡೀ ಅಂಟುತ್ತದೆ, ನೋಡುತ್ತ ಕೂತವರಲ್ಲಿ ನೊಂದವರಿದ್ದರೆ ಅವರ ಗತಿ ಏನು?

ಕೇಳಿಸಿಕೊಳ್ಳುವವರು ರೂಢಿಸಿಕೊಳ್ಳಬೇಕಾದ ಮಾತುಗಳು ಸರಳ: 'ನೀನು ಹೇಳಿದ್ದು ಒಳ್ಳೆದಾಯ್ತು.' 'ನಾನು ನಂಬ್ತೀನಿ.' 'ನಿಂದೇನೂ ತಪ್ಪಿಲ್ಲ.' 'ಇದನ್ನ ನಾವಿಬ್ಬರೇ ಇಟ್ಕೊಳ್ಳೋದು ಬೇಡ, ಟೀಚರ್ ಹತ್ರ ಹೋಗೋಣ, ನಾನೂ ಬರ್ತೀನಿ.' ನಾಲ್ಕನೆಯದೇ ಕಷ್ಟದ್ದು, ಏಕೆಂದರೆ ಗೆಳತಿ ಮೊದಲೇ 'ಯಾರಿಗೂ ಹೇಳಲ್ಲ ಅಂತ ಆಣೆ ಮಾಡು' ಎಂದಿರುತ್ತಾಳೆ. ಆ ಆಣೆಗೆ ಏನು ಉತ್ತರ ಕೊಡಬೇಕೆಂದು ತರಗತಿಯಲ್ಲೇ ಬಾಯಿ ಬಿಟ್ಟು ಹೇಳಿ ಅಭ್ಯಾಸ ಮಾಡಿಸಬೇಕು: 'ಎಲ್ಲರಿಗೂ ಹೇಳಲ್ಲ. ಸಹಾಯ ಮಾಡೋ ಒಬ್ಬರಿಗೆ ಹೇಳ್ತೀನಿ. ಯಾರು ಅಂತ ನೀನೇ ಹೇಳು.' ಜೊತೆಗೆ ಮಾಡಬಾರದವು: ವಿವರ ಕೆದಕುವುದು, ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು, ಹುಡುಗರು ಸೇರಿಕೊಂಡು ಆ ವ್ಯಕ್ತಿಗೆ ಬುದ್ಧಿ ಕಲಿಸಲು ಹೋಗುವುದು. ಕೊನೆಗೆ ಅಂಗೈ ಇಟ್ಟು ಗೆರೆ ಎಳೆದು, ಐದು ಬೆರಳಿಗೆ ಐದು ನಂಬಿಕೆಯ ದೊಡ್ಡವರ ಹೆಸರು ಬರೆಯುವ ಚಟುವಟಿಕೆ. ಕನಿಷ್ಠ ಇಬ್ಬರು ಮನೆಯ ಹೊರಗಿನವರು, ಒಬ್ಬರು ಶಾಲೆಯ ಹೊರಗಿನವರು ಇರಬೇಕು. ಮೊದಲನೆಯವರು ನಂಬದಿದ್ದರೆ ಎರಡನೆಯವರು. ಹಾಳೆಯನ್ನು ಮಕ್ಕಳೇ ಇಟ್ಟುಕೊಳ್ಳಲಿ, ತಂಡ ಸಂಗ್ರಹಿಸಬಾರದು.

1098ರ ಪಾಠ ಬಹಳ ಕಡೆ ಕೂಗಿನಲ್ಲೇ ಮುಗಿಯುತ್ತದೆ. 1996ರಲ್ಲಿ ಮುಂಬೈಯಲ್ಲಿ ಶುರುವಾದ ಈ ಸಹಾಯವಾಣಿ 2023ರಿಂದ ಸರ್ಕಾರದ ಕೈಗೆ ಬಂದು 112ರ ತುರ್ತು ವ್ಯವಸ್ಥೆಯೊಂದಿಗೆ ಜೋಡಣೆಯಾಗಿದೆ. ಇಪ್ಪತ್ನಾಲ್ಕು ಗಂಟೆಯೂ ಇದೆ, ಕರೆ ಉಚಿತ. ಮಗುವಿಗೆ ಬೇಕಾದದ್ದು ಸಂಖ್ಯೆ ಮಾತ್ರ ಅಲ್ಲ, ಮೊದಲ ವಾಕ್ಯ. ಫೋನು ಎತ್ತಿದವರು ಕೇಳಬಹುದಾದವು ಊರು, ವಯಸ್ಸು, ಈಗ ಸುರಕ್ಷಿತವಾಗಿದ್ದೀಯಾ ಎಂಬುದು. ಡಯಲ್ ಮಾಡದೆ, ತರಬೇತುದಾರರೇ ಆ ಕಡೆಯವರಾಗಿ, 'ನನ್ನ ಫ್ರೆಂಡಿಗೆ ತೊಂದರೆ ಇದೆ, ಅವಳಿಗೆ ಹದಿನಾಲ್ಕು ವರ್ಷ, ಅವಳಿರೋದು ಇಂಥ ಊರು' ಎನ್ನುವುದನ್ನು ನಾಲ್ಕೈದು ಮಕ್ಕಳಿಂದ ಹೇಳಿಸಿದರೆ ಉಳಿದವರ ನಾಲಿಗೆಯೂ ಸಡಿಲವಾಗುತ್ತದೆ. ಮನೆಯಲ್ಲಿ ಒಂದೇ ಫೋನಿದ್ದರೆ ಕರೆಯ ದಾಖಲೆ ಅಳಿಸುವುದು ಹೇಗೆ, ಯಾರ ಫೋನಿನಿಂದ ಮಾಡಬಹುದು ಎಂಬುದನ್ನೂ ಹೇಳಬೇಕು. ಭಿತ್ತಿಪತ್ರ ಮುಖ್ಯ ಶಿಕ್ಷಕರ ಕೊಠಡಿಯ ಹೊರಗಲ್ಲ, ಶೌಚಾಲಯದ ಬಾಗಿಲಿನ ಒಳಬದಿಗೆ ಅಂಟಿಸಿ. ಅಲ್ಲಿ ಒಬ್ಬರೇ ಓದಬಹುದು.

ಮೂರನೆಯ ಅವಧಿ ಫೋನಿನ ಲೋಕಕ್ಕೆ. ಬೆದರಿಸುವವನಿಗೆ ಹಣ ಕೊಡಬೇಡಿ, ಇನ್ನೊಂದು ಫೋಟೊ ಕಳಿಸಬೇಡಿ, ಚಾಟ್ ಅಳಿಸಬೇಡಿ, ಪ್ರೊಫೈಲಿನ ಹೆಸರು ಮತ್ತು ಲಿಂಕಿನ ಸ್ಕ್ರೀನ್‌ಶಾಟ್ ಇಡಿ. ಆದರೆ ಚಿತ್ರವನ್ನು 'ಸಾಕ್ಷಿ' ಎಂದು ಟೀಚರಿಗೂ ಫಾರ್ವರ್ಡ್ ಮಾಡಬೇಡಿ. ಹದಿನೆಂಟರ ಕೆಳಗಿನವರ ಅಶ್ಲೀಲ ಚಿತ್ರ ಹಂಚುವುದು ಐಟಿ ಕಾಯ್ದೆಯ 67ಬಿ ಮತ್ತು ಪೋಕ್ಸೊ ಅಡಿ ಅಪರಾಧ. ಅಂಥದ್ದನ್ನು ನೋಡುವುದೂ ಇಟ್ಟುಕೊಳ್ಳುವುದೂ ಅಪರಾಧವಾಗಬಹುದೆಂದು 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಹುಡುಗರಿಗೆ ಇದನ್ನು ನೇರವಾಗಿ ಹೇಳಬೇಕು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಇಂಥ ದೂರನ್ನು ಹೆಸರು ಹೇಳದೆಯೂ ಕೊಡಬಹುದು. 'ಟೇಕ್ ಇಟ್ ಡೌನ್' ಎಂಬ ಉಚಿತ ಅಂತರರಾಷ್ಟ್ರೀಯ ಸೇವೆ ಚಿತ್ರವನ್ನು ಫೋನಿನಿಂದ ಹೊರಗೆ ಕಳಿಸದೆ ಅದರ ಡಿಜಿಟಲ್ ಬೆರಳಚ್ಚನ್ನಷ್ಟೇ ಪಡೆದು, ಸೇರಿಕೊಂಡಿರುವ ಜಾಲತಾಣಗಳಿಂದ ತೆಗೆಸಲು ನೆರವಾಗುತ್ತದೆ. ಇದು ಗೊತ್ತಿಲ್ಲದ ತರಬೇತುದಾರರಿಗೆ ಈ ಅವಧಿಯನ್ನು ಒಪ್ಪಿಸಬೇಡಿ.

ಹುಡುಗರನ್ನು ಆಟಕ್ಕೆ ಬಿಟ್ಟು ಹುಡುಗಿಯರನ್ನು ಮಾತ್ರ ಕೂರಿಸುವ ಶಾಲೆಗಳು ಇನ್ನೂ ಇವೆ. 2007ರಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ನಡೆಸಿದ ಅಧ್ಯಯನದಲ್ಲಿ 53.22% ಮಕ್ಕಳು ಯಾವುದಾದರೊಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು, ಅವರಲ್ಲಿ 52.94% ಹುಡುಗರು. ಪೋಕ್ಸೊ ಹುಡುಗ ಹುಡುಗಿ ಎಂದು ಭೇದ ಮಾಡುವುದಿಲ್ಲ. ಮೊದಲ ಎರಡು ಅವಧಿ ಎಲ್ಲರೂ ಕೂಡಿ, ಪ್ರಶ್ನೋತ್ತರದ ಭಾಗ ಮಾತ್ರ ಬೇರೆ ಬೇರೆ ಕೂರಿಸಿದರೆ ಸರಿ.

ಪ್ರಶ್ನೆ ಪೆಟ್ಟಿಗೆಗೆ ಒಂದು ಕ್ರಮವಿದೆ. ಎಲ್ಲರಿಗೂ ಒಂದೇ ಅಳತೆಯ ಚೀಟಿ, ಪ್ರಶ್ನೆ ಇಲ್ಲದವರೂ 'ಪ್ರಶ್ನೆ ಇಲ್ಲ' ಎಂದಾದರೂ ಬರೆಯಬೇಕು, ಯಾರು ಬರೆದರೆಂದು ಗೊತ್ತಾಗಬಾರದು. ಅದೇ ದಿನ, ಮಕ್ಕಳು ಮನೆಗೆ ಹೋಗುವ ಮೊದಲೇ ತಂಡ ಎಲ್ಲವನ್ನೂ ಓದಬೇಕು, ಏಕೆಂದರೆ ಒಂದು ಚೀಟಿಯಲ್ಲಿ ಪ್ರಶ್ನೆಯ ಬದಲು ಮೊರೆ ಇರಬಹುದು. ಕೈಬರಹ ಗುರುತಿಸಬಲ್ಲ ತರಗತಿ ಶಿಕ್ಷಕರು ಚೀಟಿ ಮುಟ್ಟಬಾರದು.

ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಪ್ರೀತಿಯ ಬಗ್ಗೆ. ಪೋಕ್ಸೊ ಕಾಯ್ದೆಯ ಪ್ರಕಾರ ಲೈಂಗಿಕ ಸಂಪರ್ಕಕ್ಕೆ 18ರ ಕೆಳಗಿನವರ ಒಪ್ಪಿಗೆ ಲೆಕ್ಕಕ್ಕಿಲ್ಲ. ವಯಸ್ಸು ಇಳಿಸುವುದು ಬೇಡ, 16ರಿಂದ 18ರವರ ಪ್ರಕರಣಗಳಲ್ಲಿ ಶಿಕ್ಷೆಯ ವಿಷಯದಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದು ಕಾನೂನು ಆಯೋಗ 2023ರ 283ನೇ ವರದಿಯಲ್ಲಿ ಹೇಳಿತು. ತರಬೇತುದಾರರು ಇದನ್ನು ಬೆದರಿಕೆಯಾಗಿ ಬಳಸಿದರೆ, ಒತ್ತಾಯಕ್ಕೆ ಸಿಕ್ಕಿಕೊಂಡ ಹುಡುಗಿ 'ನಾನೂ ತಪ್ಪು ಮಾಡಿದ್ದೀನಿ' ಎಂದು ಬಾಯಿ ಮುಚ್ಚಿಕೊಳ್ಳುತ್ತಾಳೆ. ಕಾನೂನು ಇರುವಂತೆ ಹೇಳಿ, ಒತ್ತಾಯ ಎಂದರೇನು ಎಂಬುದನ್ನು ಉದಾಹರಣೆಯೊಂದಿಗೆ ವಿವರಿಸಿ ಮುಂದೆ ಹೋಗಬೇಕು.

ದೂರು ಕೊಟ್ಟ ಮೇಲೆ ಏನಾಗುತ್ತದೆ ಎಂಬುದು ಮಕ್ಕಳ ದೊಡ್ಡ ಭಯ, ಪಾಠಗಳು ಅತಿ ಕಡಿಮೆ ಹೊತ್ತು ಕೊಡುವ ವಿಷಯವೂ ಹೌದು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಆರಿಸಿದ ಜಾಗದಲ್ಲೋ ಪಡೆಯಬೇಕು. ಆದಷ್ಟು ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ. ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹುಡುಗಿಯನ್ನು ಪರೀಕ್ಷಿಸುವುದು ಮಹಿಳಾ ವೈದ್ಯರೇ. ನ್ಯಾಯಾಲಯದಲ್ಲಿ ಆರೋಪಿ ಕಣ್ಣೆದುರು ಬರದಂತೆ ವ್ಯವಸ್ಥೆ ಇರಬೇಕು. ಮಾಧ್ಯಮ ಹೆಸರನ್ನೋ ಶಾಲೆಯನ್ನೋ ಹೊರಗೆಡಹುವಂತಿಲ್ಲ. ಮಕ್ಕಳ ಕಲ್ಯಾಣ ಸಮಿತಿ ತನಿಖೆ, ವಿಚಾರಣೆಯುದ್ದಕ್ಕೂ ಮಗುವಿಗೆ ನೆರವಾಗುವ ಒಬ್ಬ ಬೆಂಬಲ ವ್ಯಕ್ತಿಯನ್ನು ಜೊತೆಗೆ ಕೊಡಬಹುದು. ಇದಿಷ್ಟು ತಿಳಿದರೆ ಸಿನಿಮಾದ ಕೋರ್ಟು ಮಕ್ಕಳ ಮನಸ್ಸಿನಿಂದ ಸ್ವಲ್ಪ ಸರಿಯುತ್ತದೆ.

ನಾಲ್ಕನೆಯ ಅವಧಿ ಬಾಲ್ಯವಿವಾಹಕ್ಕೆ. ರಾಜ್ಯದ 2016ರ ತಿದ್ದುಪಡಿಯ ಪ್ರಕಾರ ಕರ್ನಾಟಕದಲ್ಲಿ ಬಾಲ್ಯವಿವಾಹ ನಡೆದ ಗಳಿಗೆಯಿಂದಲೇ ಅಸಿಂಧು, ಅಂದರೆ ಕಾನೂನಿನ ಕಣ್ಣಲ್ಲಿ ಅದು ಮದುವೆಯೇ ಅಲ್ಲ. 1098ಕ್ಕೆ ತಿಳಿಸಬಹುದು, ಬಾಲ್ಯವಿವಾಹ ನಿಷೇಧಾಧಿಕಾರಿಗಳಿಗೆ ತಿಳಿಸಬಹುದು. ಮದುವೆಗೆ ಮೊದಲೇ ಮ್ಯಾಜಿಸ್ಟ್ರೇಟರು ತಡೆಯಾಜ್ಞೆ ನೀಡಬಲ್ಲರು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲಿನ ಬೇಸಿಗೆ ಮದುವೆಯ ಕಾಲವೂ ಆದ್ದರಿಂದ ಈ ಅವಧಿ ಫೆಬ್ರವರಿಯೊಳಗೆ ಮುಗಿದಿರಬೇಕು.

ತಂಡಕ್ಕೆ ಒಪ್ಪಿಗೆ ಪತ್ರ ಕೊಡುವ ಮೊದಲು ಕೇಳಿ ಪಡೆಯಬೇಕಾದವು: ಬರುವ ಪ್ರತಿಯೊಬ್ಬರ ಪೊಲೀಸ್ ಪರಿಶೀಲನೆಯ ಪತ್ರ (2020ರ ನಿಯಮಗಳು ಶಾಲೆಯ ಸಿಬ್ಬಂದಿಗೆ ಇದನ್ನು ಕಡ್ಡಾಯ ಮಾಡಿವೆ, ಹೊರಗಿನಿಂದ ಬಂದು ಮಕ್ಕಳೊಂದಿಗೆ ಕೂರುವವರಿಗೆ ಬಿಡಲು ಕಾರಣವಿಲ್ಲ), ಪಾಠದ ಪೂರ್ತಿ ಬರಹ, ಮಗುವೊಂದು ಹೇಳಿಕೊಂಡರೆ ಯಾರು ಯಾರಿಗೆ ಫೋನ್ ಮಾಡುತ್ತಾರೆ ಎಂಬ ಒಂದು ಪುಟ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಅಧಿಕಾರಿಯ ನಂಬರು. ಮಕ್ಕಳ ಮುಖ ಕಾಣುವ ಫೋಟೊ ತೆಗೆದು ಫೇಸ್‌ಬುಕ್ಕಿಗೆ ಹಾಕುವುದಿಲ್ಲ ಎಂಬ ಬರಹವೂ ಬೇಕು. ಪಾಠಕ್ಕೆ ಮೊದಲು ಮತ್ತು ನಂತರ ಹತ್ತು ಅಂಕದ ಪರೀಕ್ಷೆ ಮಾಡಿ 'ಮಕ್ಕಳ ತಿಳಿವಳಿಕೆ ಹೆಚ್ಚಿತು' ಎಂದು ವರದಿ ಕೊಡುವುದಕ್ಕೆ ಹೆಚ್ಚು ಬೆಲೆ ಕಟ್ಟಬೇಡಿ. ಅದೇ ದಿನ ಕೇಳಿದರೆ ಎಲ್ಲರೂ ಸರಿ ಉತ್ತರವನ್ನೇ ಬರೆಯುತ್ತಾರೆ. ನಾಲ್ಕು ವಾರ ಬಿಟ್ಟು, ಮುನ್ಸೂಚನೆ ಇಲ್ಲದೆ, ಒಂದೇ ಪ್ರಶ್ನೆ ಬರೆಸಿ: 'ನಿನ್ನ ಗೆಳೆಯ ಹೀಗೆ ಹೇಳಿದ. ನೀನು ಆಡುವ ಮೊದಲ ಮಾತು ಏನು, ಆಮೇಲೆ ಯಾರ ಹತ್ತಿರ ಹೋಗುತ್ತೀಯ?' ಎರಡನೆಯ ಪ್ರಶ್ನೆಗೆ ಬರುವ ಹೆಸರುಗಳನ್ನು ಎಣಿಸಿ. ಶಾಲೆಯ ಒಬ್ಬ ಶಿಕ್ಷಕರ ಹೆಸರೂ ಅದರಲ್ಲಿ ಇಲ್ಲದಿದ್ದರೆ, ಶಿಕ್ಷಕರ ಎರಡು ಗಂಟೆಯನ್ನು ಮೊದಲಿನಿಂದ ಮತ್ತೆ ನಡೆಸಲು ತಂಡವನ್ನು ಕರೆಸಿ.